ಮೂರು ಕಿವಿಯ ಮನೆ

ಮಹೇಂದ್ರನ ಅಂಗಡಿಗೆ ಬರುವ ಕಂಪ್ಯೂಟರುಗಳಲ್ಲಿ ಹತ್ತಕ್ಕೆ ನಾಲ್ಕು ಮೂಕವಾಗಿಯೇ ಬರುತ್ತಿದ್ದವು. ಆ ಶನಿವಾರ ಬೆಳಿಗ್ಗೆ ಹುಲ್ಲಹಳ್ಳಿಯ ಮಂಟೇಸ್ವಾಮಿ ತನ್ನ ಸಿಪಿಯುವನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಮೇಕೆಮರಿಯ ಹಾಗೆ ಅವುಚಿಕೊಂಡು, ನಂಜನಗೂಡಿನ ಆರ್.ಪಿ. ರೋಡಿನ ಆ ಮಹಡಿ ಅಂಗಡಿಯ ಮೆಟ್ಟಿಲು ಹತ್ತಿ ಬಂದ.

"ದನೀನೇ ಬತ್ತಿಲ್ಲ ಸಾ. ಬೊಂಬೆ ಕುಣೀತವೆ, ಬಾಯಿ ಬುಡ್ತವೆ, ಸದ್ದಿಲ್ಲ. ಒಳಗೆ ಏನೋ ಸುಟ್ಟೋಗದೆ, ಹೊಸದು ತಗೋ ಅಂತಾರೆ ನಮ್ಮೂರೋರು."

ಮಹೇಂದ್ರ ವೈರು ಚುಚ್ಚಿದ. ಪರದೆಯ ಮೂಲೆಯಲ್ಲಿದ್ದ ಸ್ಪೀಕರಿನ ಚಿತ್ರ ಒತ್ತಿದ. ಪಟ್ಟಿ ಇಳಿಯಿತು. ಸದ್ದು ಮಾನಿಟರಿಗೆ ಹೋಗುತ್ತಿತ್ತು. ಕೆಳಗಿನ ಹೆಸರಿನ ಮೇಲೆ ಒತ್ತಿದ್ದೇ ತಡ, ಮೇಜಿನ ಮೇಲಿದ್ದ ಡಬ್ಬಿಯಿಂದ ಯಾವುದೋ ಮದುವೆಯ ವಾಲಗ ಒದರಿಕೊಂಡು ಬಂತು.

"ಏನೂ ಸುಟ್ಟಿಲ್ಲ. ಸದ್ದನ್ನ ಮಾನಿಟರಿಗೆ ಕಳಿಸ್ತಾ ಕೂತಿತ್ತು. ನಿಮ್ಮ ಮಾನಿಟರಿಗೆ ಬಾಯಿಲ್ಲ."

"ಅಷ್ಟೇಯಾ?"

"ಅಷ್ಟೇ."

ಇದು ಅವನ ಅಪ್ಪ ಕರಿಯಪ್ಪನಿಂದ ಬಂದ ವಿದ್ಯೆ. ಕರಿಯಪ್ಪ ಮೂವತ್ತೆರಡು ವರ್ಷ ನಾಲೆಯ ಸೌಡಿಯಾಗಿದ್ದವನು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ದಿನ ನೀರು ಎಂದು ಜಗಳ ಬಿಡಿಸುವುದು ಅವನ ಕೆಲಸ. ನೀರು ಬರುತ್ತಿಲ್ಲವೆಂದು ಯಾರಾದರೂ ಕೂಗಿಕೊಂಡು ಬಂದರೆ ಅವನು ಆಕಾಶ ನೋಡುತ್ತಿರಲಿಲ್ಲ, ಡ್ಯಾಮಿನ ಕಡೆಗೂ ನೋಡುತ್ತಿರಲಿಲ್ಲ. ಯಾವ ತೂಬು ಎತ್ತಿದೆ ಎಂದು ನೋಡಿಕೊಂಡು ಬರಲು ಸೈಕಲ್ ಹತ್ತುತ್ತಿದ್ದ. ಮಗ ಅದೇ ಲೆಕ್ಕವನ್ನು ಕಂಪ್ಯೂಟರಿಗೆ ಹಚ್ಚಿ ಊರಿಗೆಲ್ಲ ಡಾಕ್ಟರನಾಗಿದ್ದ.

ಮಂಟೇಸ್ವಾಮಿ ಮತ್ತೆ ಟವೆಲ್ ಸುತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತ. "ಸಾ, ಸೌಡಿ ಕರಿಯಪ್ನೋರ ದನೀಲಿ ಒಂದ್ ಮಾತು ಬೈರಿ. ನಮ್ ಗದ್ದೆ ಬದಿಗೆ ನಿಂತ್ಕಂಡು ಬೈತಿದ್ರಲ್ಲ, ಹಂಗೆ. ಅವ್ರು ವೋದ್ ಮೇಲೆ ಬೈಯೋರೇ ಇಲ್ದಂಗಾಗದೆ."

"ಗಂಟಲು ಸರಿಯಿಲ್ಲ," ಎಂದ ಮಹೇಂದ್ರ.

ಗಂಟಲು ಚೆನ್ನಾಗಿಯೇ ಇತ್ತು. ಯಾರ ದನಿಯಾದರೂ ಸರಿ, ಎರಡು ನಿಮಿಷ ಕೇಳಿದರೆ ಸಾಕು, ಅದು ಆ ಗಂಟಲೊಳಗೆ ಬಾಡಿಗೆಗೆ ಬಂದುಬಿಡುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರಿಗೇ ಪ್ರಿನ್ಸಿಪಾಲರಾದವನು ಅವನು. ನೆಗಡಿಯಾದ ಬಸ್‌ಸ್ಟ್ಯಾಂಡಿನ ಮೈಕು, ಬೆಲ್ಟು ಜಾರಿದ ಗಿರಣಿ, ಕೆಟ್ಟುಹೋಗುವ ಮುನ್ನ ಹಾರ್ಡ್ ಡಿಸ್ಕು ಕೆಮ್ಮುವುದು, ಎಲ್ಲ ಬರುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅಪ್ಪನ ದನಿ. ಪಕ್ಕದಲ್ಲೇ ಕೂತವರ ಹತ್ತಿರ ಉಪ್ಪು ಕೇಳುವಾಗಲೂ ನಾಲೆಯ ಆಚೆ ದಡದಿಂದ ಕೂಗುವ ದನಿ ಅದು.

ಐದು ತಿಂಗಳ ಹಿಂದೆ, ಅಪ್ಪನ ತಿಥಿಯ ದಿನ, ಪಂಕ್ತಿಯಲ್ಲಿ ಕೂತಿದ್ದ ಚಿಕ್ಕಪ್ಪನೊಬ್ಬ ಎಲೆಯಿಂದ ತಲೆ ಎತ್ತಿ, "ಅಣ್ಣನ ದನಿ ಒಂದ್ಸಲ ಮಾಡ್ಲಾ ಮಗ, ಕೇಳವ" ಅಂದಿದ್ದ. ಮಹೇಂದ್ರನ ಕೈಯಲ್ಲಿ ಸಾರಿನ ಬಕೆಟ್ಟಿತ್ತು. "ಯಾರ್ಲಾ ಅದು ತೂಬಿನ್ ತಾವ? ಕೈ ತೆಗೀಲಾ" ಎಂದುಬಿಟ್ಟ. ಇಡೀ ಪಂಕ್ತಿಯ ಕೈಗಳು ಎಲೆಯ ಮೇಲೇ ನಿಂತವು. ಗಂಡಸರು ಭುಜದ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಮಹೇಂದ್ರ ಮುಂದಿನ ಎಲೆಗೆ ಸಾರು ಬಿಟ್ಟ. ಅದರ ಮುಂದಿನ ಎಲೆಗೂ ಬಿಟ್ಟ. ಒಂದು ಹನಿ ಆಚೆ ಚೆಲ್ಲಲಿಲ್ಲ. ಅವನಿಗೆ ಏನೂ ಅನಿಸಿರಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಚಿವುಟಿದಂತೆ, ಚಿವುಟಿದ್ದು ಕಾಣಿಸಿತ್ತು, ಅಷ್ಟೇ. ಅಂದಿನಿಂದ ಅವನು ಯಾರ ದನಿಯನ್ನೂ ಮಾಡಿರಲಿಲ್ಲ. ತನ್ನ ದನಿಯನ್ನೂ ಬೇಕಾದಷ್ಟಕ್ಕೇ ಬಳಸುತ್ತಿದ್ದ.

ಮಂಟೇಸ್ವಾಮಿ ಇಳಿದು ಹೋದಮೇಲೆ ಹೆಂಡತಿ ಹೇಮಲತಾಳ ಫೋನು ಬಂತು.

"ರೀ, ಅತ್ತೆ ಬ್ಯಾಗಿಗೆ ಚಳಿಗಾಲದ್ದೂ ತುಂಬ್ತಿದ್ದಾರೆ."

"ಊಂ."

"ಊಂ ಅಲ್ಲ. ನಾಲ್ಕು ದಿನಕ್ಕೆ ಹೋಗೋರು ಸ್ವೆಟರು, ಕಂಬಳಿ ತಗೊಂಡ್ ಹೋಗಲ್ಲ. ನಾಳೆ ಶಿವಸ್ವಾಮಿ ಕಾರು ತರ್ತಾರೆ. ಅಷ್ಟರಲ್ಲಿ ನೀವೊಂದು ಮಾತು ಹೇಳಿ, ಇರು ಅಂತ. ನಾನು ಹೇಳಿದ್ರೆ ಸೊಸೆ ಉಪಚಾರಕ್ಕೆ ಹೇಳಿದ್ಲು ಅನ್ಕೋತಾರೆ. ನೀವ್ ಹೇಳಿದ್ರೆ ಉಳ್ಕೋತಾರೆ."

"ಹೇಳ್ತೀನಿ."

ಹೇಳಬೇಕೆಂದು ಅವನಿಗೂ ಗೊತ್ತಿತ್ತು. ಅವ್ವ ರಾಚಮ್ಮ ತಿ. ನರಸೀಪುರದಲ್ಲಿರುವ ಮಗಳು ಪಲ್ಲವಿ, ಅಳಿಯ ಶಿವಸ್ವಾಮಿಯ ಮನೆಗೆ ಹೊರಟಿದ್ದಳು. ನಾಲ್ಕು ದಿನಕ್ಕಲ್ಲ, ಇರುವುದಕ್ಕೆ. ಅವಳು ಹೋದರೆ ಮತ್ತೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಯೋಚನೆಯನ್ನು ಎತ್ತಿ ಎದೆಯ ಹತ್ತಿರ ಇಟ್ಟುಕೊಂಡು ನೋಡಿದ. ನೋವಾಗಲಿಲ್ಲ. ಇರು ಎನ್ನುವುದಕ್ಕೆ ಇರಬೇಕು ಎಂದು ಒಳಗೆಲ್ಲೋ ಅನಿಸಬೇಕಲ್ಲ. ಅನಿಸದೆ ಅಂದರೆ ಸುಳ್ಳಾಗುತ್ತದೆ ಎಂದುಕೊಂಡು, ಅವನು ಮುಂದಿನ ಸಿಪಿಯು ಬಿಚ್ಚಿದ.

ರಾತ್ರಿ ಊಟಕ್ಕೆ ಕೂತಾಗ ಹಾಲಿನಲ್ಲಿ ಟಿವಿ ಓಡುತ್ತಿತ್ತು, ಸದ್ದಿಲ್ಲದೆ. ಐದು ತಿಂಗಳಿಂದಲೂ ಹಾಗೆಯೇ. ಪರದೆಯಲ್ಲಿ ಒಬ್ಬಳು ಇನ್ನೊಬ್ಬಳ ಕೆನ್ನೆಗೆ ಬಾರಿಸಿದಳು. ರಾಚಮ್ಮ ದಿವಾನದ ಮೇಲೆ ಕೂತು ಅದನ್ನೇ ನೋಡುತ್ತ ಸೊಪ್ಪು ಬಿಡಿಸುತ್ತಿದ್ದಳು. ಗಂಡ ಸತ್ತ ವರ್ಷ ಸದ್ದು ಬೇಡವೆಂದು ಅವ್ವ ಹೀಗಿಟ್ಟಿದ್ದಾಳೆ ಎಂದು ಮಹೇಂದ್ರ ಯಾವತ್ತೋ ತಿಳಿದುಕೊಂಡಿದ್ದ. ಅವನು ಮುದ್ದೆ ಮುರಿದ. ಇರು ಎನ್ನಲಿಲ್ಲ.

ಆ ಟಿವಿಗೂ ಒಂದು ಚರಿತ್ರೆಯಿತ್ತು. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಭಾಗಗಳನ್ನೆಲ್ಲ ಕೂಡಿಸಿ ಮಹೇಂದ್ರ ಅದರ ಕೆಳಗೊಂದು ಕಂಪ್ಯೂಟರ್ ಇಟ್ಟಿದ್ದ. ಸಿನಿಮಾ, ಧಾರಾವಾಹಿ, ವಾರ್ತೆ ಎಲ್ಲ ಅದರಿಂದಲೇ. ಸದ್ದು ಹೋಗಲು ಮೂರು ದಾರಿ ಮಾಡಿದ್ದ. ಒಂದು, ಹಾಲಿನ ಸುತ್ತ ಐದು ಸ್ಪೀಕರು, ನೆಲದಲ್ಲಿ ಒಂದು ಗುಡುಗುವ ಪೆಟ್ಟಿಗೆಯಿರುವ ಆಂಪ್ಲಿಫೈಯರ್. ಎರಡು, ಟಿವಿಯದೇ ಸ್ಪೀಕರು. ಮೂರು, ಕಿವಿ ಮಂದವಾಗಿದ್ದ ಅಪ್ಪನಿಗೆಂದು ತಂದ ವೈರಿಲ್ಲದ ಹೆಡ್‌ಫೋನು. ಕರಿಯಪ್ಪ ಇವಕ್ಕೆ ಊರ ಕಿವಿ, ಮನೆ ಕಿವಿ, ನನ್ನ ಕಿವಿ ಎಂದು ನಾಮಕರಣ ಮಾಡಿದ್ದ. ಊರ ಕಿವಿ ಹಾಕಿದ ದಿನ ಎದುರು ಮನೆಯ ಮಹದೇವಯ್ಯ ತಮ್ಮ ಟಿವಿಯ ಸದ್ದು ಪೂರ್ತಿ ಕಳೆದು, ಇವರ ಸದ್ದಿಗೆ ತಮ್ಮ ಚಿತ್ರ ನೋಡುತ್ತಿದ್ದರು. ಎರಡು ಮನೆಯಲ್ಲೂ ಒಂದೇ ಧಾರಾವಾಹಿಯಾದ್ದರಿಂದ ನಡೆಯುತ್ತಿತ್ತು.

ಒಂದು ಕಿವಿಯಿಂದ ಇನ್ನೊಂದಕ್ಕೆ ಹೊರಳಿಸಲು ಕೀಬೋರ್ಡಿನ ಮೇಲ್ಸಾಲಿನ ಮೂರು ಕೀಲಿ. ರಾಚಮ್ಮನಿಗೆ ಆ ಇಂಗ್ಲಿಷ್ ಗುರುತು ತಿಳಿಯದು. ಅವಳು ತನ್ನ ಹಣೆಗಿಡುವ ಬೊಟ್ಟಿನ ಹಾಳೆಯಿಂದ ಹಸಿರು, ಕೆಂಪು, ಕಪ್ಪು ಕಿತ್ತು ಮೂರು ಕೀಲಿಗೆ ಅಂಟಿಸಿಕೊಂಡಿದ್ದಳು. ಕೆಂಪು ಅಂದರೆ ಮನೆ ಕಿವಿ.

ಭಾನುವಾರ ಹತ್ತೂವರೆಗೆ ಅಳಿಯ ಶಿವಸ್ವಾಮಿ ಬಂದ. ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವನು ಬಂದರೆ ಮೊದಲು ದನಿ ಬರುತ್ತದೆ, ಆಮೇಲೆ ಕಾರು ನಿಲ್ಲುತ್ತದೆ. ಕಾಫಿ ಲೋಟ ಹಿಡಿದು ದಿವಾನದಲ್ಲಿ ಕೂತವನು ಟಿವಿಯನ್ನೇ ಸ್ವಲ್ಪ ಹೊತ್ತು ನೋಡಿದ.

"ಇದೇನ್ ಭಾವ, ಟಿವಿ ಮೂಗಿ ಆಗದೆ? ಊರಿಗೆಲ್ಲ ಡಾಕ್ಟ್ರು ನೀವು."

"ಅವ್ವನಿಗೆ ಸದ್ದು ಬೇಡ," ಎಂದ ಮಹೇಂದ್ರ.

ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ ರಾಚಮ್ಮ ತಲೆ ಎತ್ತಿದಳು. "ನಂಗ್ಯಾಕೆ ಬ್ಯಾಡ? ವರ್ಸ ತುಂಬಗಂಟ ಬ್ಯಾಡ ಅಂತ ನೀನಲ್ವಾ ನಿಲ್ಸಿರದು?"

"ನಾನೆಲ್ಲಿ ನಿಲ್ಸಿದೆ? ಹೇಮಾ, ನೀನಾ?"

ಹೇಮಲತಾ ಅಡುಗೆಮನೆಯ ಬಾಗಿಲಿಗೆ ಬಂದಳು. "ನಾನು ಮುಟ್ಟೇ ಇಲ್ಲ. ಅತ್ತೇನೇ ಹೀಗಿಟ್ಟಿದ್ದಾರೆ ಅಂದ್ಕೊಂಡೆ. ಒಂದಿನ ಕೇಳೋಣ ಅಂತ ಬಂದೆ, ಕಣ್ಣಲ್ಲಿ ನೀರು ಹಾಕ್ಕೊಂಡು ನೋಡ್ತಾ ಕೂತಿದ್ರು. ಮಾವನ್ನ ನೆನೆಸ್ಕೊಂಡಿದ್ದಾರೆ, ಹೇಗೆ ಕೇಳೋದು ಅಂತ ವಾಪಸ್ ಹೋದೆ."

"ಅದು ಸೀರಿಯಲ್ಲಿಗೆ ಬಂದ ನೀರು ಕಣವ್ವ. ಅವತ್ತು ಆ ಉಡ್ಗೀನ ಮನೆಯಿಂದ ಆಚ್ಗಾಕಿದ್ರು," ಎಂದಳು ರಾಚಮ್ಮ.

ಶಿವಸ್ವಾಮಿ ಒಬ್ಬೊಬ್ಬರ ಮುಖವನ್ನೇ ನೋಡಿ, ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಮಹೇಂದ್ರ ಕೀಬೋರ್ಡು ಎತ್ತಿಕೊಂಡ. ಮೇಲ್ಸಾಲಿನ ಮೂರು ಕೀಲಿಗಳು ಬೋಳಾಗಿದ್ದವು. ಬೊಟ್ಟಿದ್ದ ಕಡೆ ಅಂಟಿನ ಮೂರು ಉಂಗುರ, ಅದರ ಮೇಲೆ ಐದು ತಿಂಗಳ ಧೂಳು. ದಿನಾ ಎರಡು ಹೊತ್ತು ಇದರ ಪಕ್ಕದಲ್ಲೇ ಕೂತು ಉಂಡಿದ್ದ. ಪರದೆಯ ಮೂಲೆಯ ಚಿತ್ರ ಒತ್ತಿದ. ಪಟ್ಟಿ ಇಳಿಯಿತು. ಗುರುತು ಹೆಡ್‌ಫೋನಿನ ಮುಂದೆ ನಿಂತಿತ್ತು.

ಅಪ್ಪ ಸತ್ತ ಬೆಳಿಗ್ಗೆ ಏಳರ ವಾರ್ತೆ ಕೇಳಿ, ಹೆಡ್‌ಫೋನು ಬಿಚ್ಚಿ ಅದರ ಚಾರ್ಜಿಂಗ್ ಸ್ಟ್ಯಾಂಡಿನ ಮೇಲಿಟ್ಟು, ಸ್ನಾನಕ್ಕೆಂದು ಎದ್ದು ಹೋಗಿದ್ದ. ಬಚ್ಚಲ ಬಾಗಿಲವರೆಗೂ ಹೋಗಲಿಲ್ಲ. ಆಮೇಲೆ ಆ ತೂಬನ್ನು ಯಾರೂ ಇಳಿಸಿರಲಿಲ್ಲ.

ಹೆಡ್‌ಫೋನು ಗೋಡೆಯ ಗೂಡಿನಲ್ಲಿ, ಅಪ್ಪನ ಫೋಟೋದ ಕೆಳಗೆ ಅದೇ ಸ್ಟ್ಯಾಂಡಿನ ಮೇಲಿತ್ತು. ಹೇಮಲತಾ ಪ್ರತಿ ಶುಕ್ರವಾರ ಧೂಳು ಒರೆಸಿ, ಹೇಗಿತ್ತೋ ಹಾಗೆಯೇ ಇಡುತ್ತಿದ್ದಳು. ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಮಹೇಂದ್ರ ಅದನ್ನು ತೆಗೆದು ಮುಖದ ಹತ್ತಿರ ತಂದ. ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ಜೀರುಂಡೆಯಂತೆ ಒಳಗೊಬ್ಬಳು ಯಾರನ್ನೋ ಬೈಯುತ್ತಿದ್ದಳು.

ರಾಚಮ್ಮ ಕೈಚಾಚಿ ಇಸಿದುಕೊಂಡು ಒಂದು ಕಿವಿಗೆ ಹಿಡಿದಳು. ಸ್ವಲ್ಪ ಹೊತ್ತು ಕೇಳಿದಳು.

"ಐದ್ ತಿಂಗ್ಳಿಂದ ಅವ್ರೊಬ್ರೇ ಕೇಳ್ತಾ ಕೂತವ್ರೆ," ಎಂದಳು. "ಸೀರಿಯಲ್ ಅಂದ್ರೆ ಆಯ್ತಿರ್ನಿಲ್ಲ ಅವ್ರಿಗೆ. ಸರ್ಯಾಗ್ ಆಯ್ತು ಬುಡು."

"ಬೊಟ್ಟೆಲ್ಲಿ ಅವ್ವ?"

"ಅನ್ನೊಂದರ ದಿನ ದೇವನೂರಿನ ಅತ್ತೇರು ನನ್ ಅಣೇದು ತೆಗೆದ್ರಲ್ಲ. ಕನ್ನಡೀಗಂಟಿರೋವು, ಬಚ್ಚಲ್ ಗೋಡೇಲಿರೋವು, ಒಂದೂ ಇರ್ಬಾರ್ದು ಅಂದ್ರು. ಎಲ್ಲಾ ತೆಗೆದ್ರು. ಇದ್ರಲ್ಲೂ ಅವೆಯಲ್ಲ ಅಂತ ಇದ್ನ ನಾನೇ ಕಿತ್ತೆ. ಅವ್ರೇನೂ ಕೇಳಿರ್ನಿಲ್ಲ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಯೋಳ್ಲಿ? ಬೊಟ್ಟಿಲ್ದೋಳಿಗೆ ಟಿವಿ ಸದ್ದು ಬರಂಗೆ ಮಾಡ್ಕೊಡು ಅಂತ್ಲಾ?"

ಹೇಮಲತಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಕೈ ಒದ್ದೆಯಿರಲಿಲ್ಲ. ಮಹೇಂದ್ರ ನಡುವಿನ ಕೀಲಿ ಒತ್ತಿದ. ಹಾಲಿನ ತುಂಬ ತಲೆಗೆಣ್ಣೆಯ ಜಾಹೀರಾತು ಸಿಡಿಯಿತು. ಮೂವರೂ ಬೆಚ್ಚಿಬಿದ್ದರು. ಅವನು ಸದ್ದು ಕಡಿಮೆ ಮಾಡಿ, ಕಾದ. ಈಗ ಒಳಗೆ ಏನಾದರೂ ತೆರೆದುಕೊಳ್ಳಬಹುದು ಎಂದು ಕಾದ. ಏನೂ ಇಲ್ಲ. ಮಂಟೇಸ್ವಾಮಿಯ ಸಿಪಿಯು ಹಾಡಿದಾಗ ಅನಿಸಿದಷ್ಟೇ ಅನಿಸಿತು. ಸದ್ದು ಬಂತು, ಮುಂದಿನ ಗಿರಾಕಿ.

ಶಿವಸ್ವಾಮಿ ಎದ್ದು ಬ್ಯಾಗಿಗೆ ಕೈಹಾಕಿದ. "ಹೊರಡವಾ ಅತ್ತೆ? ಪಲ್ಲವಿ ಮೀನ್ ತಂದಿಟ್ಟವ್ಳೆ."

"ಸದ್ದು ಬಂತಲ್ಲ ಅವ್ವ," ಎಂದ ಮಹೇಂದ್ರ.

"ಬಂತು. ನಾನೇನ್ ಟಿವಿಗೋಸ್ಕರ ಓಯ್ತಿದೀನಾ?"

"ಮತ್ತೆ?"

"ಒಂದು ಮನೇಲಿ ಮೂರ್ ಜನ. ಐದ್ ತಿಂಗ್ಳು. ಸದ್ದ್ಯಾಕಿಲ್ಲ ಅಂತ ಒಬ್ರನ್ನೊಬ್ರು ಒಂದ್ ಮಾತು ಕೇಳ್ನಿಲ್ಲ. ನಾನೂ ಸೇರ್ಕಂಡು. ಇಂಗೇ ಇದ್ರೆ ನಾಳಿಕೆ ನಾನ್ ಸತ್ರೂ ಮಲಗವ್ಳೆ ಅನ್ಕತೀರ. ಅಲ್ಲಾದ್ರೆ ಕಚ್ಚಾಡೋಕಾದ್ರೂ ಜನ ಅವ್ರೆ."

ಈಗಲೇ, ಎಂದುಕೊಂಡ ಮಹೇಂದ್ರ. ಬಾಯಿ ತೆರೆದ. ಒಳಗಿನಿಂದ ಬಂದದ್ದು ನಾಲೆಯ ಆಚೆ ದಡದ ದನಿ.

"ಲೇ ರಾಚಿ, ಎಲ್ಲಿಗ್ಲೇ ಹೊರಟೆ ಗಂಟು ಕಟ್ಕಂಡು? ಕೂತ್ಕಂಡು ಬಾಯ್ ಮುಚ್ಕಂಡು ಕಾಫಿ ಕುಡಿ."

ಕರಿಯಪ್ಪ ಬಾಗಿಲಲ್ಲಿ ನಿಂತಿದ್ದರೂ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ. ಶಿವಸ್ವಾಮಿ ಬ್ಯಾಗು ಬಿಟ್ಟು, ಮುಖ ಅತ್ತ ತಿರುಗಿಸಿ ಕಣ್ಣುಜ್ಜಿಕೊಂಡ. ರಾಚಮ್ಮ ದಿವಾನದ ಅಂಚಿಗೆ ಕೂತೇಬಿಟ್ಟಳು. ಮೂವತ್ತೆಂಟು ವರ್ಷ ಆ ದನಿಗೆ ಕೂತು, ಎದ್ದು ಮಾಡಿದ ಕಾಲುಗಳು. ಆಮೇಲೆ ನಿಧಾನವಾಗಿ ಎದ್ದಳು.

"ಅವ್ರು ಕರೆದಿದ್ರೆ ಕೂತ್ಕತಿದ್ದೆ ಕಣಪ್ಪ. ಅವ್ರಿಲ್ಲ. ಇರೋನು ನೀನು." ಸೆರಗು ಸರಿಮಾಡಿಕೊಂಡಳು. "ನಿನ್ ದನಿ ಎಲ್ಲೋಯ್ತು?"

ಮಹೇಂದ್ರ ಹುಡುಕಿದ. ಪ್ರಿನ್ಸಿಪಾಲರಿದ್ದರು, ಬಸ್‌ಸ್ಟ್ಯಾಂಡಿನ ಮೈಕಿತ್ತು, ಮಹದೇವಯ್ಯ, ಚಿಕ್ಕಪ್ಪ, ಎಲ್ಲರೂ ಸಾಲಾಗಿ ಕರೆದರೆ ಬರಲು ಸಿದ್ಧರಿದ್ದರು. ಅವನು ಬಾಯಿ ಮುಚ್ಚಿಕೊಂಡು ಬ್ಯಾಗೆತ್ತಿ ಕಾರಿನ ಡಿಕ್ಕಿಯಲ್ಲಿಟ್ಟ. ಡಿಕ್ಕಿ ಮುಚ್ಚಿದ. ಒಂದು ಗಳಿಗೆ ನಿಂತು, ಮುಂದಿನ ಬಾಗಿಲು ತೆಗೆದು ಕೂತ.

"ಬಿಟ್ಟು ಬರ್ತೀನಿ," ಎಂದ, ಯಾರೂ ಕೇಳದಿದ್ದರೂ.

ದಾರಿಯುದ್ದಕ್ಕೂ ಶಿವಸ್ವಾಮಿ ಯೂರಿಯಾದ ಕಥೆ ಹೇಳಿದ. ಎರಡೂ ಕಡೆ ಗದ್ದೆಗೆ ನೀರು ಬಿಟ್ಟಿದ್ದರು. ಕನ್ನಡಿಯಲ್ಲಿ ಅವ್ವ ಕಿಟಕಿಯ ಆಚೆ ನೋಡುವುದು ಕಾಣುತ್ತಿತ್ತು. ಯಾವ ಗದ್ದೆಗೆ ನೀರು ಹೋಗಿದೆ, ಯಾವುದಕ್ಕಿಲ್ಲ ಎಂದು ಅವಳೂ ನೋಡುತ್ತಿದ್ದಳೇನೋ. ಅವನು ಕೇಳಲಿಲ್ಲ.

ಪಲ್ಲವಿಯ ಮನೆಯಲ್ಲಿ ಕಚ್ಚಾಟಕ್ಕೆ ಬರವಿರಲಿಲ್ಲ. ಎರಡು ಮಕ್ಕಳು ಒಂದು ಮೊಬೈಲಿಗೆ ಎಳೆದಾಡುತ್ತಿದ್ದವು. ಮಿಕ್ಸಿ ಅರೆಯುತ್ತಿತ್ತು. ಟಿವಿ ಅರಚುತ್ತಿತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ. ಶಿವಸ್ವಾಮಿ ಫೋನಿನಲ್ಲಿ ಗೊಬ್ಬರದ ಲಾರಿಗೆ ದಾರಿ ಹೇಳುತ್ತಿದ್ದ. ಪಲ್ಲವಿ ಅಮ್ಮನನ್ನು ತಬ್ಬಿಕೊಂಡು ಒಂದು ಸುತ್ತು ಅತ್ತು, ಕಣ್ಣೊರೆಸಿಕೊಂಡು, "ಬೀದಿ ಕಡೆ ರೂಮು ನಿಂದೇ ಕಣವ್ವ, ಫ್ಯಾನ್ ಹೊಸದು ಹಾಕ್ಸಿದೀನಿ" ಅಂದಳು. ಅಣ್ಣನಿಗೆ ಮೀನಿನ ತಲೆ ಬಡಿಸಿ, "ಯಾಕೋ ಅಣ್ಣ ಹಿಂಗಾಗಿದ್ಯಾ, ಒಂದು ಜೋಕೂ ಇಲ್ಲ" ಎಂದಳು. ಅವನು ಮುಳ್ಳು ಬಿಡಿಸುತ್ತ ತಲೆ ಆಡಿಸಿದ.

ಊಟ ಮುಗಿದು ಮೂರೂವರೆಗೆ ಅವನು ಎದ್ದ. ರಾಚಮ್ಮ ಗೇಟಿನವರೆಗೆ ಬಂದಳು. ಒಳಗಿನ ಗಲಾಟೆ ಅಲ್ಲಿಗೂ ಕೇಳುತ್ತಿತ್ತು. ಅವಳು ಗೇಟಿನ ಕಂಬಿ ಹಿಡಿದುಕೊಂಡು ನಿಂತಿದ್ದಳು. ಇಷ್ಟು ಚಿಕ್ಕವಳಾಗಿದ್ದಾಳೆಂದು ಅವನು ನೋಡಿಯೇ ಇರಲಿಲ್ಲ.

"ಅವ್ವ."

"ಊಂ."

ಕಾದ. ಬೇರೆ ಯಾವ ದನಿಯೂ ಮುಂದೆ ಬರಲಿಲ್ಲ. ತೆಳ್ಳಗೆ, ಸ್ವಲ್ಪ ಒಡಕಾಗಿ, ಗಿರಾಕಿಗೆ ಬಿಲ್ಲು ಹೇಳುವಂತೆ ಏರಿಳಿತವಿಲ್ಲದ ಒಂದು ದನಿ ಬಂತು.

"ಮನೆಗೆ ಬಾ."

"ಯಾಕೆ?"

"ಗೊತ್ತಿಲ್ಲ. ಅಪ್ಪ ಹೋದ್ಮೇಲೆ ನಂಗೆ ಏನೂ ಗೊತ್ತಾಗ್ತಿಲ್ಲ ಅವ್ವ. ಅಳೂನೂ ಬರ್ಲಿಲ್ಲ. ಈಗ್ಲೂ ಏನೂ ಅನ್ನಿಸ್ತಿಲ್ಲ. ಅನ್ನಿಸ್ದೆ ಹೆಂಗ್ ಕರೀಲಿ ಅಂತ ಸುಮ್ನಿದ್ದೆ. ಆದ್ರೂ ಬಾ."

ರಾಚಮ್ಮ ಅವನನ್ನೇ ನೋಡಿದಳು. ಒಳಗೆ ಒಂದು ಮಗು ಚೀರಿತು, ಇನ್ನೊಂದಕ್ಕೆ ಏಟು ಬಿದ್ದ ಸದ್ದಾಯಿತು. ಅವಳು ತಿರುಗಲಿಲ್ಲ.

"ಅನ್ಸಿದ್ ಮೇಲೆ ಕರೀತೀನಿ ಅಂತ ನೀನ್ ಕೂತಿದ್ರೆ ನಾನಿಲ್ಲೇ ಮುದ್ಕಿ ಆಗೋಯ್ತಿದ್ದೆ."

"ಈಗ್ಲೇ ಮುದ್ಕಿ ಕಣವ್ವ."

"ಬಾಯ್ ಮುಚ್ಚು." ಅವಳು ಅವನ ಅಂಗಿಯ ಕಾಲರಿಗೆ ಅಂಟಿದ್ದ ಅನ್ನದ ಅಗುಳು ತೆಗೆದಳು. "ನಂಗೂ ಎಲ್ಲಾ ದಿಸ ಅನ್ಸಕಿಲ್ಲ ಕಣಪ್ಪ. ಎದ್ದು ಒಲೆ ಅಚ್ಚಕಿಲ್ವಾ? ಅಂಗೇ ಅದು." ಒಳಗೆ ಇಣುಕಿ ದನಿ ತಗ್ಗಿಸಿದಳು. "ಇವತ್ತೇ ಬಂದ್ಬುಟ್ರೆ ಪಲ್ಲವಿ ಮೂತಿ ಊದುಸ್ಕತಾಳೆ, ಫ್ಯಾನ್ ಬೇರೆ ಆಕ್ಸವ್ಳೆ. ನಾಕ್ ದಿಸ ಇರ್ತೀನಿ. ಗುರ್ವಾರ ನೀನೇ ಬಾ, ಬಸ್ಸಲ್ಲಿ. ಅಳಿಯಂದ್ರ ಕಾರು ಬ್ಯಾಡ. ಯೂರಿಯಾ ಕೇಳಿ ಕೇಳಿ ತಲೆ ನೋಯ್ತದೆ."

"ಬರ್ತೀನಿ."

"ಫೋನ್ ಮಾಡು. ಮಾಡಿ, ಮಾತಾಡು. ಊಂ ಊಂ ಅನ್ಬ್ಯಾಡ."

"ಊಂ," ಎಂದ ಅವನು. ಆಮೇಲೆ, "ಮಾಡ್ತೀನಿ" ಎಂದ.

ಬಸ್‌ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸು ಹೊರಡಲು ನಿಂತಿತ್ತು. ಕಿಟಕಿ ಪಕ್ಕ ಕೂತ. ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುವ ಅಭ್ಯಾಸವೇ ಆಗಿಬಿಟ್ಟಿತ್ತು, ನೋಡಿಕೊಂಡ. ಜೋಮು ಇಳಿದಿರಲಿಲ್ಲ. ಗುರುವಾರ ಅಂಗಡಿಗೆ ಯಾವ ಗಿರಾಕಿಯನ್ನು ಬರಹೇಳಿದ್ದೇನೆ ಎಂದು ಯೋಚಿಸಿ, ಮೊಬೈಲ್ ತೆಗೆದು ಆತನಿಗೆ ಶುಕ್ರವಾರ ಬನ್ನಿ ಎಂದು ಮೆಸೇಜು ಕಳಿಸಿದ.

ಕಂಡಕ್ಟರು ಬಂದ. "ಎಲ್ಲಿಗೆ?"

"ನಂಜನಗೂಡು. ಗುರುವಾರಾನೂ ಈ ಟೈಮಿಗೆ ಈ ಬಸ್ ಇರತ್ತಾ?"

"ದಿನಾ ಇರ್ತದೆ. ಗುರ್ವಾರ ಏನು?"

"ಇಬ್ಬರು ಬರ್ತೀವಿ. ನಮ್ಮವ್ವ."

"ಹೆಂಗಸರಾದ್ರೆ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಮರೀದೆ ತರಕ್ಕೇಳಿ ಸಾ. ಆಮೇಕೆ ನನ್ ಮೇಲೆ ರೇಗ್ತಾರೆ."

"ಅವಳ ಹತ್ರಾನೇ ಇದೆ," ಎಂದ ಮಹೇಂದ್ರ. "ಆಧಾರು, ರೇಷನ್ನು, ಪೆನ್ಷನ್ ಪುಸ್ತಕ, ಇರೋ ಬರೋ ಕಾರ್ಡನ್ನೆಲ್ಲ ಬ್ಯಾಗಿಗೆ ಹಾಕ್ಕೊಂಡೇ ಬಂದಿದ್ಲು."

ಕಂಡಕ್ಟರು ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದ.